ಒಣದ್ರಾಕ್ಷಿ ಶೆಡ್ಡಿನ ಕನ್ನಡ ಪಾಠ

ತಿಕೋಟಾದ ಹೊರಗೆ ಇನ್ನೂ ಮಬ್ಬುಗತ್ತಲೆ. ಒಣದ್ರಾಕ್ಷಿ ಶೆಡ್ಡಿನ ದೀಪದ ಕೆಳಗೆ ಹೆಂಗಸರು ದ್ರಾಕ್ಷಿಯೊಳಗಿನ ಕಡ್ಡಿ ಆರಿಸುತ್ತ ಕುಳಿತಿದ್ದಾರೆ. ಸುರೈಯಾ ಟೀಚರ್ ಕೂಡ ಒಂದು ತಟ್ಟೆ ಎಳೆದುಕೊಂಡಿದ್ದಾರೆ. ಕೈ ಆರಿಸುತ್ತದೆ, ಕಿವಿ ಮಾತ್ರ ಬೇರೆಯದೇ ಕೆಲಸ ಮಾಡುತ್ತದೆ. ಯಾರೋ "ಆ ಬುಟ್ಟಿ ಈ ಕಡೆ ಸರಿಸವ್ವಾ" ಎಂದರೆ ಸಾಕು, ಸ್ಕೆಚ್ ಪೆನ್ನಿನಿಂದ ಅದನ್ನು ಖಾಲಿ ರಟ್ಟಿನ ಬಾಕ್ಸಿನ ಮೇಲೆ ಗೀಚಿಬಿಡುತ್ತಾರೆ. ಅದು ನಾಳೆಯ ಪಾಠ.

ವಿಜಯಪುರದ ಅಥಣಿ ರಸ್ತೆಯಿಂದ ಮೊದಲ ಬಸ್ಸಿಗೆ ಬರುವ ಸುರೈಯಾ ಅವರು ಮಹಾರಾಷ್ಟ್ರದ ಜತ್ತ, ಸಾಂಗಲಿ ಕಡೆಯಿಂದ ಸೊಸೆಯರಾಗಿ ಬಂದ ಮರಾಠಿ ಹೆಣ್ಣುಮಕ್ಕಳಿಗೆ ಇದೇ ಶೆಡ್ಡಿನಲ್ಲಿ ಕನ್ನಡ ಕಲಿಸುತ್ತಾರೆ. ಇದಕ್ಕೆ ಪಠ್ಯಪುಸ್ತಕವಿಲ್ಲ, ಪಠ್ಯಕ್ರಮವನ್ನೂ ಅವರೇ ಕಟ್ಟಬೇಕು. ಒಂದು ಬಾಕ್ಸಿಗೆ ಒಂದು ಪಾಠ. ಗೋಡೆಗುಂಟ ಸಾಲಾಗಿ ಇಟ್ಟು, ಯಾವುದು ಮೊದಲು ಯಾವುದು ಆಮೇಲೆ ಎಂದು ಎತ್ತಿ ಎತ್ತಿ ಇಡುತ್ತಾರೆ.

"ನಮ್ಮ ಮನ್ಯಾಗ ಉರ್ದುರಿ. ಕನ್ನಡ ಸಾಲಿಗೆ ಹೋದಾಗ ವರ್ಣಮಾಲಿ ಪೂರಾ ಬಾಯಿಪಾಠ ಬರ್ತಿತ್ತು, ನೀರು ಕೇಳಾಕ ಬರ್ತಿದ್ದಿಲ್ಲ," ಎಂದು ನಗುತ್ತಾರೆ.

ಇಷ್ಟು ಗೊತ್ತಿದ್ದೂ ಅವರು ಮೊದಲ ದಿನವೇ ಎಡವಿದರು. ಎಲ್ಲ ಕಡೆ ಇರುವಂತೆ ಮೊದಲ ಬಾಕ್ಸಿನಲ್ಲಿ 'ಪರಿಚಯ' ಇಟ್ಟರು: ನನ್ನ ಹೆಸರು, ನನ್ನ ಊರು, ನನ್ನ ಗಂಡನ ಹೆಸರು. ಅಲ್ಲಿಗೆ ಬಂದೊಡನೆ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಗಂಡನ ಹೆಸರು ಹೇಳುವುದುಂಟೆ? ಸುದ್ದಿ ಅಡುಗೆಮನೆಗಳಿಗೆ ಹಬ್ಬಿತು. ಅತ್ತೆಯಂದಿರು ಸೊಸೆಯರನ್ನು ಕಳಿಸುವುದನ್ನೇ ನಿಲ್ಲಿಸಿದರು.

ಎಲ್ಲರಿಗಿಂತ ಹೆಚ್ಚು ನಷ್ಟ ಆ ಸೊಸೆಯರಲ್ಲೊಬ್ಬಳಾದ ಪೂನಮಳಿಗೆ. ಅವಳ ಕೂಸಿಗೆ ಮೇಲಿಂದ ಮೇಲೆ ಉಬ್ಬಸ. ದವಾಖಾನೆಯಲ್ಲಿ ಅವಳ ಪರವಾಗಿ ಅತ್ತೆ ರೇಣುಕವ್ವ ಮಾತಾಡುತ್ತಾರೆ. ಆದರೆ ರಾತ್ರಿಯೆಲ್ಲ ಎತ್ತಿಕೊಂಡು ಕೂತವಳು ತಾಯಿ, ಕೂಸು ಹೇಗೆ ಉಸಿರಾಡಿತು ಎನ್ನುವುದು ಅವಳಿಗಷ್ಟೇ ಗೊತ್ತು. ಅದನ್ನು ಡಾಕ್ಟರಿಗೆ ತಾನೇ ಹೇಳಬೇಕು ಎನ್ನುವ ಒಂದೇ ಆಸೆಗೆ ಅವಳು ಪಾಠಕ್ಕೆ ಬಂದಿದ್ದಳು.

ಸುರೈಯಾ ನೇರ ರೇಣುಕವ್ವನ ಮನೆಗೇ ಹೋದರು. "ತಪ್ಪಾತ್ರೀ ಕಾಕೂ. ಈಗ ನೀವ ಹೇಳ್ರಿ, ಸೊಸಿಗೆ ಮೊದಲ ಯಾವ ಮಾತು ಬರಬೇಕು?"

ರೇಣುಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "'ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ' ಅನ್ನೂದ ಕಲಸ್ರಿ ಟೀಚರ್ರ. ಎಲ್ಲಾದಕ್ಕೂ ಗೋಣ ಹಾಕ್ತಾಳ, ಆಮ್ಯಾಲ ಉಪ್ಪು ತಾ ಅಂದ್ರ ಸಕ್ರಿ ತರ್ತಾಳ!"

ಅದೇ ಮೊದಲ ಪಾಠವಾಯಿತು. ಎರಡನೆಯದು ದವಾಖಾನೆಯ ಮಾತು. 'ಪರಿಚಯ'ದ ಬಾಕ್ಸು ಸಾಲಿನ ಕೊನೆಗೆ ಹೋಯಿತು. ಈಗ ಮನೆಪಾಠದ ಪರೀಕ್ಷೆ ಮಾಡುವವರು ಅತ್ತೆಯರೇ. ತಪ್ಪು ತೆಗೆಯುವ ಹಕ್ಕು ಅಧಿಕೃತವಾಗಿ ಸಿಕ್ಕ ಖುಷಿಗೆ ಅವರೇ ಸೊಸೆಯರನ್ನು ಹೊತ್ತಿಗೆ ಮೊದಲೇ ಅಟ್ಟುತ್ತಾರೆ.

ಹೋದ ವಾರ ಪೂನಮ ಡಾಕ್ಟರ ಮುಂದೆ ಕೂತು, ಉಸಿರು ಸುಯ್ ಅಂದದ್ದು, ಹಾಲು ಬಿಟ್ಟದ್ದು, ಬೆಳಗಿನ ಜಾವ ಬೆವರಿದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಡಾಕ್ಟರು ಔಷಧ ಬದಲಿಸಿದರು, ಕೂಸು ಈಗ ನಿದ್ದೆ ಮಾಡುತ್ತಿದೆ. ಹೊರಗೆ ನರ್ಸು ಚೀಟಿ ಬರೆಯುತ್ತ, "ಗಂಡನ ಹೆಸರು?" ಎಂದಳು. ಪೂನಮ ಪಕ್ಕದಲ್ಲಿದ್ದ ರೇಣುಕವ್ವನ ಕಡೆ ತಿರುಗಿ, "ಹಡದು ಹೆಸರಿಟ್ಟ ನಮ್ಮತ್ತಿ ಇಲ್ಲೇ ಕುಂತಾರ. ಅವರನ್ನ ಕೇಳ್ರಿ," ಎಂದಳು. ರೇಣುಕವ್ವ ಮಗನ ಹೆಸರನ್ನು ಇಡೀ ದವಾಖಾನೆಗೆ ಕೇಳುವಂತೆ ಹೇಳಿದರಂತೆ.

ಇದನ್ನು ಹೇಳುವಾಗ ಸುರೈಯಾರ ಕಣ್ಣು ತುಂಬುತ್ತದೆ. ಬಬಲೇಶ್ವರ ಕಡೆ ನಿಡೋಣಿಯಲ್ಲೂ ಇಂಥದೊಂದು ತರಗತಿ ಆಗಲಿ ಎನ್ನುವುದು ಅವರ ಆಸೆ. ಮಾತಾಡುತ್ತಲೇ ಎದ್ದು, ಸಾಲಿನ ಕೊನೆಯಲ್ಲಿದ್ದ 'ಪರಿಚಯ'ದ ಬಾಕ್ಸನ್ನು ಎತ್ತಿ ಮತ್ತೆ ಎಲ್ಲಕ್ಕಿಂತ ಮೊದಲು ಇಡುತ್ತಾರೆ. ಅದರ ಮೇಲೆ 'ನನ್ನ ಗಂಡನ ಹೆಸರು' ಇದ್ದ ಕಡೆ ಈಗ ಪೂನಮಳ ಮಾತೇ ಇದೆ.

"ಈ ಮಾತು ನಾ ಕಲಿಸಿದ್ದಲ್ಲರಿ," ಎನ್ನುತ್ತಾರೆ. "ಅದಕ್ಕ ಕೆಳಗ ಆಕೀ ಹೆಸರ ಬರದೀನಿ."