ಕೆಸರಿಗಿಟ್ಟ ಚಾಕು

ನಾನು ಚಿಕ್ಕವನಿದ್ದಾಗ ನನ್ನ ಬಲಗೈ ಯಾವಾಗಲೂ ಚಡ್ಡಿಯ ಕಿಸೆಯಲ್ಲೇ ಇರುತ್ತಿತ್ತು. ಚಳಿಗಲ್ಲ ಮಕ್ಕಳೇ, ನಮ್ಮ ಸಿಂಧನೂರು ಸೀಮೆಯಲ್ಲಿ ಚಳಿ ಎಲ್ಲಿಂದ ಬರಬೇಕು. ಕಿಸೆಯಲ್ಲಿ ಮಡಚುವ ಚಾಕು ಇರುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಅರ್ಧ ತೆಗೆಯುವುದು, ಟಕ್ಕೆಂದು ಮುಚ್ಚುವುದು, ಮತ್ತೆ ತೆಗೆಯುವುದು. ಉಣ್ಣುವಾಗಲೂ ಅದೇ, ಪಾಠ ಕೇಳುವಾಗಲೂ ಅದೇ. ಕುಂತಲ್ಲಿ ಕೂರದ ಹುಡುಗ ಎಂದು ಓಣಿಯೆಲ್ಲ ಬೈಯುತ್ತಿತ್ತು. ಬೈದದ್ದು ಸುಳ್ಳೇನಲ್ಲ.

ಒಂದಲ್ಲ, ನನ್ನ ಹತ್ತಿರ ಐದು ಚಾಕು ಇದ್ದವು. ಮುದಗಲ್ ಸಂತೆಯಿಂದ ಬಂದ ಕಟ್ಟಿಗೆಯ ಹಿಡಿಯದ್ದು ಒಂದು, ಲಿಂಗಸುಗೂರಿನ ಮಾವ ಕೊಟ್ಟ ಹಿತ್ತಾಳೆ ಹಿಡಿಯದ್ದು ಇನ್ನೊಂದು. ಉಳಿದ ಮೂರನ್ನು ಗೋಲಿ, ಬುಗುರಿ ಕೊಟ್ಟು ಗೆಳೆಯರಿಂದ ಬದಲಾಯಿಸಿಕೊಂಡಿದ್ದೆ. ಹಳೆಯ ಬಿಸ್ಕೀಟು ಡಬ್ಬಿಯೊಳಗೆ ಲುಂಗಿಯ ತುಂಡು ಹಾಸಿ ಅವನ್ನು ಇಟ್ಟು, ದಿನಕ್ಕೊಂದನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದೆ. ಮಾವಿನಕಾಯಿ, ಬೇವಿನಕಡ್ಡಿ, ಕಬ್ಬು ಅಂತ ಕಂಡದ್ದನ್ನೆಲ್ಲ ಕೊಯ್ದು ಕೊಯ್ದು ಐದೂ ಮೊಂಡಾಗಿದ್ದವು. ಡಬ್ಬಿ ತೆರೆದರೆ ಹುಳಿಯೂ ತುಕ್ಕೂ ಬೆರೆತ ವಾಸನೆ ಬರುತ್ತಿತ್ತು. ನನಗೆ ಅದರ ಮುಂದೆ ಅತ್ತರು ಯಾವ ಲೆಕ್ಕ.

ಆದರೂ ನನ್ನ ಕಣ್ಣೆಲ್ಲ ಅಪ್ಪನ ಚಾಕುವಿನ ಮೇಲೆ. ಕರಿ ಕೋಡಿನ ಹಿಡಿ, ಅಂಗೈಯಷ್ಟು ಉದ್ದದ ಅಲಗು. ಅಪ್ಪ ಅದರಿಂದ ಹಣ್ಣು ಕೊಯ್ಯುತ್ತಿರಲಿಲ್ಲ, ತಂಬಾಕು ಹೆಚ್ಚುತ್ತಿರಲಿಲ್ಲ. ಅದು ಇದ್ದದ್ದು ಒಂದೇ ಕೆಲಸಕ್ಕೆ. ಕಾಲುವೆ ನೀರು ಬಂದ ಮೇಲೆ ನಮ್ಮ ಕರಿಹೊಲ ಗದ್ದೆಯಾಗಿತ್ತು. ಕೆಸರಿನಲ್ಲಿ ಎತ್ತು ಹೂತು ಬಿದ್ದರೆ ನೊಗದ ಕೊರಳಹಗ್ಗ ಬಿಗಿದು ಉಸಿರು ಕಟ್ಟುತ್ತದೆ. ಗಂಟು ಬಿಚ್ಚುತ್ತ ಕೂರಲು ಆಗುವುದಿಲ್ಲ, ಹಗ್ಗ ಕೊಯ್ಯಲೇಬೇಕು. ಅದಕ್ಕಾಗಿ ಅಪ್ಪ ದಿನಾ ಅದನ್ನು ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದ.

ನಿಮಗೆ ಇನ್ನೊಂದು ವಿಷಯ ಗೊತ್ತಿರಬೇಕು. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳವಾಗುತ್ತದೆ ಎಂದು ನಂಬಿಕೆ. ಒಬ್ಬರು ನೆಲದ ಮೇಲೆ ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಅಕ್ಕನಿಂದ ತಲೆಗೆ ಮೊಟಕಿಸಿಕೊಂಡು ಮೊಟಕಿಸಿಕೊಂಡು ಇದು ನನಗೆ ರೂಢಿಯಾಗಿತ್ತು.

ನಾಟಿಯ ಹಂಗಾಮಿನ ಒಂದು ಮುಂಜಾನೆ ಅಪ್ಪ ಜಳಕಕ್ಕೆ ಹೋದ. ಗೂಟಕ್ಕೆ ತೂಗುಹಾಕಿದ್ದ ಅಂಗಿಯಿಂದ ಅವನ ಚಾಕು ತೆಗೆದುಕೊಂಡೆ. ಕಿಸೆ ಹಗುರಾದರೆ ಗೊತ್ತಾಗುತ್ತದೆಂದು ಅಲ್ಲಿ ನನ್ನ ಹಿತ್ತಾಳೆಯದನ್ನು ಇಟ್ಟೆ. ಮಧ್ಯಾಹ್ನ ಅವನು ಉಣ್ಣಲು ಬಂದಾಗ ಬದಲಿಸಿದರಾಯಿತು ಎಂದುಕೊಂಡೆ. ಒಂದೊಪ್ಪತ್ತು ನನ್ನ ಕಿಸೆಯಲ್ಲಿದ್ದರೆ ಸಾಕಿತ್ತು ನನಗೆ.

ಶಾಲೆಯಲ್ಲಿ ಮೊದಲ ತಾಸು ನಾನು ರಾಜ. ಎರಡನೆಯ ತಾಸಿನಲ್ಲಿ ಪಕ್ಕದ ಗೆಳೆಯನಿಗೆ ತೋರಿಸಲೆಂದು ತೊಡೆಯ ಮೇಲಿಟ್ಟು ಅಲಗು ತೆಗೆದೆ. ಶೇಂಗಾ ಎಣ್ಣೆಯ ವಾಸನೆ ಘಮ್ಮೆಂದಿತು. ಹಿಂದಿನ ಸಂಜೆ ಅಪ್ಪ ಅದನ್ನು ಅಂಗಳದ ಕಲ್ಲಿಗೆ ತೀಡಿ, ಎಣ್ಣೆ ಸವರಿದ್ದು ನೆನಪಾಯಿತು. ಇವತ್ತು ಗದ್ದೆ ಕೆಸರು ಮಾಡುವ ದಿನ. ಆಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಬರುತ್ತಿದ್ದ ಮಗ್ಗಿಯೂ ತಪ್ಪಿತು. ನೀರು ಕುಡಿದು ಬರುತ್ತೇನೆಂದು ಮಾಸ್ತರರಿಗೆ ಹೇಳಿ ಹೊರಗೆ ಬಂದವನು ಗದ್ದೆಯ ಕಡೆ ಓಡಿದೆ. ಕಾಲುವೆಯ ಏರಿಯ ಮೇಲೆ ಜಾಲಿಮುಳ್ಳು ತುಳಿದೆ, ಕೀಳಲು ನಿಲ್ಲಲಿಲ್ಲ.

ಏರಿಯಿಂದಲೇ ಕಂಡಿತು. ಎಡಗಡೆಯ ಬಿಳಿ ಎತ್ತು ಕೆಸರಿನಲ್ಲಿ ಅಡ್ಡಬಿದ್ದಿತ್ತು, ನಾಲಿಗೆ ಹೊರಗೆ ಬಂದಿತ್ತು. ಅಪ್ಪ ಮೊಣಕಾಲಿನ ತನಕ ಹೂತು ನಿಂತು, ನನ್ನ ಮೊಂಡ ಹಿತ್ತಾಳೆ ಚಾಕುವಿನಿಂದ ತೊಯ್ದ ಹಗ್ಗವನ್ನು ಗರಗಸದಂತೆ ತಿಕ್ಕುತ್ತಿದ್ದ. ಹಗ್ಗದ ಒಂದು ಎಳೆಯೂ ಹರಿದಿರಲಿಲ್ಲ. ಎತ್ತಿನ ಗಂಟಲಿನಿಂದ ಬರುತ್ತಿದ್ದ ಸಪ್ಪಳ ನನಗೆ ಇವತ್ತಿಗೂ ಕೇಳುತ್ತದೆ.

ನಾನು ಬಿದ್ದು ಎದ್ದು ಅಪ್ಪನ ಬಳಿ ಹೋದೆ, ಚಾಕು ತೆಗೆದೆ, ಬಾಗಿ ಅಪ್ಪನ ಕಾಲ ಬಳಿ ಇಟ್ಟೆ. ನೆಲವೆಲ್ಲಿತ್ತು ಅಲ್ಲಿ? ಬರೀ ನೀರು, ಕೆಸರು. ಚಾಕು ಗುಳುಂ ಎಂದು ಒಳಗೆ ಹೋಯಿತು.

ಅಪ್ಪ ಬೈಯಲಿಲ್ಲ, ಬೈಯಲು ಪುರಸೊತ್ತಿರಲಿಲ್ಲ. ಇಬ್ಬರೂ ಮೊಣಕೈ ತನಕ ಕೆಸರಿಗೆ ಕೈ ಹಾಕಿ ತಡಕಿದೆವು. ಬೇರು ಸಿಕ್ಕಿತು, ಹೆಂಟೆ ಸಿಕ್ಕಿತು. ಕೊನೆಗೆ ನನ್ನ ಬೆರಳಿಗೇ ಅಲಗು ತಾಗಿ ಚುರ್ ಎಂದಿತು. ಎತ್ತಿ ಹಿಡಿದೆ. ಆದರೂ ನನ್ನ ಕಣ್ಣು ಅದನ್ನು ಇಡಲು ಜಾಗ ಹುಡುಕುತ್ತಿತ್ತು ನೋಡಿ.

"ಕೈಯಾಗ ಕೊಡಲೇ. ಜಗಳ ಆದ್ರ ಆಗಲಿ," ಎಂದು ಅಪ್ಪ ಅಂಗೈ ಚಾಚಿದ.

ಕೊಟ್ಟೆ. ಎರಡೇ ಎಳೆತಕ್ಕೆ ಹಗ್ಗ ಹರಿಯಿತು. ಎತ್ತು ಒಮ್ಮೆ ದೊಡ್ಡದಾಗಿ ಕೆಮ್ಮಿ ಉಸಿರಾಡಿತು, ನಾನು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಮರುದಿನವೂ ಮಾತಾಡಲಿಲ್ಲ. ನನ್ನ ಬೆರಳಿಗೆ ಅರಿಶಿನ ಕಟ್ಟುತ್ತ ಅಕ್ಕ, "ಕೈಯಾಗ ಕೊಟ್ಟೀಯಂತಲ್ಲ, ಇನ್ನ ಹಿಂಗ ನೋಡು," ಎಂದಳು. ಹೊಡೆದಿದ್ದರೆ ಒಂದು ಸಲಕ್ಕೆ ಮುಗಿಯುತ್ತಿತ್ತು. ನಾನು ಅಪ್ಪ ಹೋದಲ್ಲೆಲ್ಲ ಹಿಂದೆ ಹಿಂದೆ ಸುತ್ತಿದೆ. ಅವನು ಉಂಡ ತಾಟು ಎತ್ತಿಟ್ಟೆ, ಕೇಳದಿದ್ದರೂ ನೀರು ತಂದುಕೊಟ್ಟೆ. ಮೂರನೆಯ ದಿನ ತಡೆಯಲಾರದೆ ಎದುರಿಗೆ ಹೋಗಿ ನಿಂತು, ನಾನೇ ಬದಲಿಸಿದ್ದು, ಹೊಡಿ ಎಂದೆ.

ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡ. ಆಮೇಲೆ ಹೇಳಿದ: "ನಿನ್ನ ಮ್ಯಾಲ ಸಿಟ್ಟು ಅವತ್ತ ಹೋತಲೇ. ದಿನಾ ಚಾಕು ತಗದು ನೋಡಿ ಕಿಸ್ಯಾಗ ಹಾಕ್ಕೋತಿದ್ದೆ, ಅವತ್ತ ನಾ ನೋಡಲಿಲ್ಲ. ಎತ್ತಿನ ಮಾರಿ ನೋಡಾಕ ನಾಚಿಕಿ ಬರಾಕತ್ತೈತಿ ನನಗ."

ಕೈಹಿಡಿದು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದ. ಎತ್ತಿನ ಕೊರಳಲ್ಲಿ ಹಗ್ಗದ ಬರೆ ಇನ್ನೂ ಕೆಂಪಗಿತ್ತು. ಅಪ್ಪ ಅದಕ್ಕೆ ಎಣ್ಣೆ ಸವರಿ, ಅದರ ಹಣೆಗೆ ತನ್ನ ಹಣೆ ಹಚ್ಚಿ, "ತಪ್ಪಾತೋ ಯಪ್ಪಾ," ಎಂದ. ನಾನೂ ಅಂದೆ. ಅದು ನಮ್ಮಿಬ್ಬರ ಕೈಯನ್ನೂ ನೆಕ್ಕಿ ಮತ್ತೆ ಮೇವಿಗೆ ಬಾಯಿ ಹಾಕಿತು.

ಆ ವಾರ ನನ್ನ ಐದೂ ಚಾಕುಗಳನ್ನು ಕಲ್ಲಿಗೆ ತೀಡಿದೆ. ಈಗಲೂ ನನ್ನ ಕಿಸೆಯಲ್ಲಿ ಒಂದು ಇರುತ್ತದೆ, ಸಂಗ್ರಹ ಎರಡು ಡಬ್ಬಿಗೆ ಬೆಳೆದಿದೆ. ನಿಮ್ಮ ಕಿಸೆಯಲ್ಲಿ ಚಾಕು ಇಲ್ಲ, ಇರುವುದೂ ಬೇಡ. ನಿಮ್ಮ ಶಾಲೆಯಲ್ಲಿ ಬಿಡುವುದಿಲ್ಲ, ಸರಿಯೇ ಇದೆ. ಈಗ ಗದ್ದೆಗೆ ಟ್ರ್ಯಾಕ್ಟರ್ ಬರುತ್ತದೆ. ಕೆಸರಿನಲ್ಲಿ ಹೂತರೆ ನಿಮ್ಮಪ್ಪ ಫೋನ್ ಮಾಡುತ್ತಾನೆ, ಮಸ್ಕಿಯಿಂದ ಇನ್ನೊಂದು ಬಂದು ಎಳೆದು ಹಾಕುತ್ತದೆ. ಯಾರಿಗೂ ಉಸಿರು ಕಟ್ಟುವುದಿಲ್ಲ, ಯಾರೂ ಮೂರು ದಿನ ಮುಖ ತಪ್ಪಿಸಿ ಓಡಾಡುವುದಿಲ್ಲ. ಒಳ್ಳೆಯದೇ ಆಯಿತು. ಆದರೂ ಸಂಜೆ ಟ್ರ್ಯಾಕ್ಟರ್ ನಿಲ್ಲಿಸಿ ಎಲ್ಲರೂ ಒಳಗೆ ಹೋದ ಮೇಲೆ ನಾನು ಅದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಏನಾದರೂ ಹೇಳಬೇಕು ಅನ್ನಿಸುತ್ತದೆ, ಅದರ ಮುಖ ಯಾವ ಕಡೆ ಇದೆ ಎಂದೇ ಗೊತ್ತಾಗುವುದಿಲ್ಲ.