ಬೇಡಿ ತಂದ ಬಟ್ಟೆಯ ಅಂಗಿಗಳು

ನಿನ್ನೆ ನೆಲ ಒರೆಸಲಿಕ್ಕೆಂದು ಮನೆಯವರ ಹಳೆಯ ಪಂಚೆಯೊಂದನ್ನು ಹರಿದೆ. ಹೊಸ ಬಟ್ಟೆ ಹರಿಯುವಾಗ ಪರ್ರೆಂದು ಕೂಗುತ್ತದೆ. ವರ್ಷಾನುಗಟ್ಟಲೆ ಒಗೆಸಿಕೊಂಡು ಉಟ್ಟವರ ಮೈಗೆ ಒಗ್ಗಿಹೋದ ಬಟ್ಟೆ ಹಾಗಲ್ಲ. ದಣಿದವರು ಕೂತಲ್ಲೇ ಬಿಡುವ ಉಸಿರಿನಂಥ ಒಂದು ಸದ್ದು, ಅಷ್ಟೇ. ಅಂಚಿನಿಂದ ನೂಲಿನ ಸಣ್ಣ ಧೂಳೆದ್ದು ಕಿಟಕಿಯ ಬಿಸಿಲಲ್ಲಿ ತೇಲಿತು. ಎರಡು ತುಂಡನ್ನೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟೆ. ಈಚೆಗೆ ಹೀಗೆ ಕೂತರೆ ಏಳುವುದಕ್ಕೆ ಹೊತ್ತು ಬೇಕು. ಆ ಸದ್ದಿಗೆ ಕಿವಿಗೊಡುವುದನ್ನು ಕಲಿಸಿದವಳು ಯಲ್ಲದಕೆರೆಯ ಅಜ್ಜಿ, ನನ್ನ ತಾಯಿಯ ತಾಯಿ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು, ಹಳೆಯ ಬಟ್ಟೆಯನ್ನು ಬಿಸಾಡುವ ಮುನ್ನ ಒಮ್ಮೆ ಕೆನ್ನೆಗೆ ಒತ್ತಿ ನೋಡುವವರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ದುರ್ಗದಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದೆ. ಬೇಸಿಗೆ ರಜೆ ಬಂದರೆ ಅಜ್ಜಿಯ ಮನೆ. ಮಣ್ಣಿನ ಮಾಳಿಗೆಯ ಮನೆ ಅದು. ಹೊರಗೆ ಎಷ್ಟೇ ಬಿಸಿಲಿದ್ದರೂ ಪಡಸಾಲೆಯಲ್ಲಿ ತಣ್ಣಗಿರುತ್ತಿತ್ತು, ಮೂಲೆಯ ಕಡಲೆಕಾಯಿ ಚೀಲಗಳ ವಾಸನೆ ನೆಲದವರೆಗೂ ಇಳಿದಿರುತ್ತಿತ್ತು. ಆ ಬೇಸಿಗೆ ಅಮ್ಮನ ತಂಗಿ ರತ್ನ ಚಿಕ್ಕಮ್ಮ ಹೆರಿಗೆಗೆಂದು ಅಲ್ಲಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಂದಿದ್ದಳು, ಎರಡೂ ಮಕ್ಕಳು ಉಳಿಯಲಿಲ್ಲ. ಆ ಮಕ್ಕಳಿಗೆಂದು ಹೊಸ ಪಾಪ್ಲಿನ್ ತಂದು, ಕುತ್ತಿಗೆಗೆ ಲೇಸು ಇಟ್ಟು, ತಾನೇ ಮಷಿನ್ನಿನಲ್ಲಿ ಹೊಲಿದಿದ್ದವಳು. ಈ ಸಲ ಮಷಿನ್ನಿನ ಮೇಲೆ ಗೋಣಿಚೀಲ ಹೊದಿಸಿತ್ತು. ಚಿಕ್ಕಮ್ಮ ಪಡಸಾಲೆಗೆ ಅಂಟಿದ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಊಟಕ್ಕೆ ಕರೆದರೆ ಏಳುತ್ತಿದ್ದಳು, ಉಂಡು ಮತ್ತೆ ಗೋಡೆಗೆ ತಿರುಗುತ್ತಿದ್ದಳು. ಮಗುವಿನ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ಅವಳ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಕಿಟಕಿಯಲ್ಲಿ ಅವಳ ಬಳೆಗಳನ್ನು ಬಿಚ್ಚಿಟ್ಟದ್ದು ನನಗೆ ನೆನಪಿದೆ. ಕೈ ಊದಿದೆ ಎಂದಿದ್ದಳಂತೆ. ನನಗೆ ಮಾತ್ರ ಆ ಕೈಗಳು ತೆಳ್ಳಗೇ ಕಂಡಿದ್ದವು.

ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟುವ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಬೇರೆ ಮನೆಗಳಲ್ಲಿ ಬೇಡಿ ತಂದದ್ದೇ ಹಾಕಬೇಕು, ಅದು ಯಾರ ಮನೆಯ ಕೂಸೂ ಅಲ್ಲವೆಂದು ಸಾವಿಗೆ ಕಾಣಬೇಕು ಎಂಬುದು ಅಜ್ಜಿಯ ನಂಬಿಕೆ. ಬಸುರಿ ಸೂಜಿಯನ್ನೂ ಮುಟ್ಟಬಾರದು ಎಂದು ಈ ಸಲ ಅವಳ ಕಟ್ಟಪ್ಪಣೆ. ಅಜ್ಜಿಗೆ ಕಣ್ಣು ಮಂಜು. ಹಾಗಾಗಿ ಹೊಲಿಯುವ ಕೆಲಸ ನನಗೂ ಮಾವನ ಮಗಳು ಗಿರಿಜಳಿಗೂ ಬಂತು. ಅವಳಿನ್ನೂ ಲಂಗದ ಲಾಡಿ ಕಟ್ಟಿಕೊಳ್ಳಲು ಬಾರದ ಹುಡುಗಿ. ಹಳೆ ಬಟ್ಟೆ ಇದ್ದರೆ ಕೊಡಿ ಎಂದು ಇಬ್ಬರೂ ಊರೊಳಗೆ ಹೋದೆವು. ಯಾರಿಗೆ ಎಂದು ಒಬ್ಬರೂ ಕೇಳಲಿಲ್ಲ. ಸುಮ್ಮನೆ ಒಳಗೆ ಹೋಗುವರು, ಇದ್ದುದರಲ್ಲಿ ಮೆತ್ತಗಿನದನ್ನು ಹುಡುಕಿ ತರುವರು. ಕುರಿ ಸಾಕಿದ್ದ ಮನೆಯ ಕರಿಯಮ್ಮ, ಗಂಡನ ಹಳೆ ರುಮಾಲಿನಲ್ಲಿ ಅರ್ಧ ಹರಿದು ನಮ್ಮ ಕೈಗಿಟ್ಟು, "ಒಯ್ರಿ ಅತ್ಲಾಗೆ. ಕೇಳಿದ್ರೆ ಕುರಿ ತಿಂತು ಅಂತೀನಿ" ಎಂದಳು. ಇನ್ನೊಂದು ಮನೆಯವರು ಹೆಮ್ಮೆಯಿಂದ ಟೆರಿಲಿನ್ ಅಂಗಿ ಕೊಟ್ಟಿದ್ದರು. ಅಜ್ಜಿ ಅದನ್ನು ಬೆರಳಲ್ಲಿ ತಿಕ್ಕಿ, ಇದು ಬೆವರು ಕುಡಿಯುವುದಿಲ್ಲ ಎಂದು ಬದಿಗಿಟ್ಟಳು. ಉಳಿದವನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಹರಿದಳು. ಕೂಗಿದ ಬಟ್ಟೆ ಆಚೆಗೆ, ಉಸಿರು ಬಿಟ್ಟದ್ದು ಈಚೆಗೆ. ಈಚೆಗೆ ಬಿದ್ದವನ್ನು ಕೊಳೆ ಬಿಡಿಸುವ ಚೌಳು ಮಣ್ಣು ಹಾಕಿ ಕುದಿಸಿ, ಬೇಲಿಯ ಮೇಲೆ ಒಣಗಿಸಿ, ಪಡಸಾಲೆಗೆ ತಂದು ರಾಶಿ ಹಾಕಿಕೊಂಡೆವು.

ಅಜ್ಜಿ ಅಂದಾಜಿನ ಮೇಲೆ ಕತ್ತರಿಸಿ ಕೊಡುವಳು, ನಾವು ಹೊಲಿಯುವೆವು. ಒಂದು ಮಧ್ಯಾಹ್ನ ಗಿರಿಜ ನೀರು ಕುಡಿಯಲೆಂದು ಎದ್ದರೆ ಮಡಿಲಲ್ಲಿದ್ದ ಅಂಗಿಯೂ ಜೊತೆಗೆ ಎದ್ದುಬಂತು. ತೋಳನ್ನು ತನ್ನ ಲಂಗಕ್ಕೇ ಸೇರಿಸಿ ಹೊಲಿದಿದ್ದಳು. "ಲಂಗಕ್ಕೆ ಕೈ ಬಂದ್ವಲ್ಲೇ, ಇನ್ನ ಕಾಲೂ ಹೊಲ್ಕ, ಅದೇ ನಿನ್ನ ಹೊತ್ಕಂಡ್ ತಿರುಗ್ಲಿ" ಎಂದು ಅಜ್ಜಿ ನಗಾಡಿದಳು. ನಾನೂ ನಕ್ಕೆ. ನಗುತ್ತ ನಗುತ್ತ ಅಜ್ಜಿ ಕೋಣೆಯ ಕಡೆ ಕಿವಿ ಮಾಡಿದ್ದನ್ನು ಕಂಡೆ. ಅಲ್ಲಿಂದ ಒಂದು ಸದ್ದೂ ಬರಲಿಲ್ಲ. ಅಜ್ಜಿಯ ಮುಖ ಮೆಲ್ಲಗೆ ಇಳಿಯಿತು, ಕತ್ತರಿ ಎತ್ತಿಕೊಂಡಳು.

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕರವಸ್ತ್ರದ ಮೇಲೆ ಹೊಲಿಗೆ ಕಲಿಸುತ್ತಿದ್ದರು. ಅಂಚು ಹೊರಗೆ ಕಂಡರೆ ಬಿಚ್ಚಿಸುವರು. ಕರಿಯಮ್ಮ ಕೊಟ್ಟ ರುಮಾಲಿನ ಅಂಗಿಯನ್ನು ನಾನು ಹಾಗೆಯೇ, ಎಲ್ಲ ಅಂಚುಗಳೂ ಒಳಕ್ಕೆ ಹೋಗುವಂತೆ ಅಚ್ಚುಕಟ್ಟಾಗಿ ಹೊಲಿದೆ. ಅಜ್ಜಿ ಅದರೊಳಗೆ ಬೆರಳು ಆಡಿಸಿ ಆಡಿಸಿ ನೋಡಿದಳು. ಆಮೇಲೆ ಬೇಕಿಲ್ಲದಷ್ಟು ಗಟ್ಟಿಯಾಗಿ, ಅಂಚೆಲ್ಲಾ ಒಳಗೈತೆ, ಚೆನ್ನಾಗೈತೆ ಬಿಡು ಎಂದಳು. ಕೋಣೆಯಲ್ಲಿ ಮಂಚ ಕಿರ್ರೆಂದಿತು. ಚಿಕ್ಕಮ್ಮ ಈ ಕಡೆಗೆ ಹೊರಳಿದ್ದಳು.

"ಒಳಕ್ಕೆ ಬಿಟ್ರೆ ಒತ್ತುತೈತೆ ಕಣೇ" ಎಂದಳು. ಮೇಲೆದ್ದು ಕೂತು, "ಮಗೀಗೆ ಒತ್ತುತೈತೆ" ಎಂದಳು.

ಅವಳು ಹೊಸ್ತಿಲಿಗೆ ಬಂದು ಕಂಬ ಹಿಡಿದು ಕೂತು ಕೈ ಚಾಚಿದಳು. ಸೂಜಿ ಮುಟ್ಟಲಿಲ್ಲ, ನನ್ನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಒರಟು ಮಗ್ಗುಲು ನೋಡುವವರ ಕಡೆ ಇರಲಿ, ನಯ ಮೈಗೆ ಇರಲಿ ಎಂದು ತಿರುವಿ ತೋರಿಸಿದಳು. ಎರಡು ಬೆರಳನ್ನು ತೋಳಿನೊಳಗೆ ತೂರಿಸಿ ಮೆಲ್ಲಗೆ ಆಡಿಸಿದಳು, ಒಳಗೊಂದು ಕೈ ಇರುವ ಹಾಗೆ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಾಳು ನೂಲಿನ ಧೂಳು ಎಂದಳು. ಒಳಗಿನ ಒರಟು ಅಂಚು ಅಜ್ಜಿಯ ಬೆರಳಿಗೆ ಸಿಕ್ಕಿರಲಿಲ್ಲವೇ, ಸಿಕ್ಕಿಯೂ ಬೇಕೆಂದೇ ಚೆನ್ನಾಗೈತೆ ಎಂದಿದ್ದಳೇ? ಎಷ್ಟೋ ವರ್ಷ ಆದಮೇಲೆ ಕೇಳಬೇಕೆನಿಸಿತು. ಆಗ ಕೇಳಲು ಅವಳಿರಲಿಲ್ಲ. ರಜೆ ಮುಗಿಯುವವರೆಗೂ ಚಿಕ್ಕಮ್ಮ ಹೊಸ್ತಿಲಲ್ಲಿ ಕೂತು ಹೇಳಿಕೊಟ್ಟಳು: ಗುಂಡಿ ಬೇಡ, ಲಾಡಿ ಇಡಿ, ಮುಂದುಗಡೆ ತೆರೆದಿರಲಿ, ಗಂಟು ಹೊರಗೆ ಹಾಕಿ.

ಹೆಣ್ಣು ಮಗು ಎಂಬ ಸುದ್ದಿಯನ್ನು ಮಾವ ದುರ್ಗಕ್ಕೆ ಬಂದಾಗ ಹೇಳಿದರು. ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಒಂದು ಗಳಿಗೆ ಇಟ್ಟು ಎತ್ತಿಕೊಂಡರಂತೆ. ತಿಪ್ಪಮ್ಮ ಎಂದೇ ಹೆಸರು. ಅಮ್ಮ ಇನ್ನೇನೂ ಕೇಳಲಿಲ್ಲ. ಕೇಳಲು ಅವಳಿಗೆ ಹೆದರಿಕೆ. ದಸರಾ ರಜೆಗೆ ಹೋದಾಗ ಚಿಕ್ಕಮ್ಮ ಬಾಗಿಲಲ್ಲೇ ಸಿಕ್ಕಳು. ಕಣ್ಣ ಕೆಳಗೆ ಕಪ್ಪು, ಕೆದರಿದ ತಲೆ, ಕಂಕುಳಲ್ಲಿ ದಪ್ಪ ತೋಳಿನ ಒಂದು ಕೂಸು. ನಮ್ಮನ್ನು ಕಂಡು ನಗಲೂ ಇಲ್ಲ, ಬನ್ನಿ ಎನ್ನಲೂ ಇಲ್ಲ.

"ಒಂದೂ ಹಿಡೀವಲ್ಲವು ಕಣ್ರೇ ಇವ್ಳಿಗೆ" ಎಂದಳು, ಸಾಕಾಗಿ ಹೋದವರ ದನಿಯಲ್ಲಿ. "ಕಂಕುಳತ್ರ ಎಲ್ಲಾ ಕಿತ್ಕಂಡ್ವು. ಇನ್ನ ದೊಡ್ಡವು ಹೊಲೀರಿ."

ಅಜ್ಜಿ ಹೋದಳು. ಹೋದ ವರ್ಷ ಚಿಕ್ಕಮ್ಮನೂ ಹೋದಳು. ಮಾಳಿಗೆ ಕುಸಿದು ಕೂತು, ಆ ಜಾಗ ಈಗ ಯಾರದೋ ಹಿತ್ತಲು. ಅಂಗಿಗಳಲ್ಲಿ ಒಂದನ್ನೂ ನಾವು ಇಟ್ಟುಕೊಳ್ಳಲಿಲ್ಲ. ಗಿಡ್ಡವಾದ ಹಾಗೆಲ್ಲ ಅಜ್ಜಿ ಅವನ್ನು ಕಿತ್ತಲ್ಲಿ ಹೊಲಿಸಿ, ಕುದಿಸಿ ಒಣಗಿಸಿ, ಮಕ್ಕಳು ಉಳಿಯದ ಮನೆಗಳಿಂದ ಯಾರಾದರೂ ಕೇಳಿಕೊಂಡು ಬಂದರೆ ಕೊಟ್ಟುಬಿಡುತ್ತಿದ್ದಳು. ಎಲ್ಲಿ, ಯಾವ ಮಕ್ಕಳ ಮೈಮೇಲೆ ಹರಿದುಹೋದವೋ.