ಡಾಬು ಕೊಟ್ಟವರ ಹೆಸರು

ನಿನ್ನೆ ಜಹೀರಾಬಾದಿನಿಂದ ಬಂದ ಮೊಮ್ಮಗಳು ಮೊಬೈಲು ಹಿಡಿದು, "ಮುತ್ಯಾ, ಈ ಬೀಸೋ ಹಾಡಿಗೆ ನಿನ್ನ ಹೆಸರು ಹಾಕ್ಲಾ?" ಎಂದಳು. ಶಾಲೆಗಾಗಿ ನಾನು ಹಾಡಿದ್ದರ ವಿಡಿಯೊ ಮಾಡುತ್ತಿದ್ದಾಳೆ. ಯಾರ ಹಾಡು, ಯಾರ ಚಿತ್ರ ಬಳಸಿದರೂ ಕೊನೆಯಲ್ಲಿ ಅವರ ಹೆಸರು ಬರಲೇಬೇಕೆಂದು ಟೀಚರ್ ಹೇಳಿದ್ದಾರಂತೆ. ನನ್ನ ಒಡಕು ದನಿಗೆ ಇಂಥ ಮರ್ಯಾದೆ ಸಿಕ್ಕರೆ ಬೇಡವೆನ್ನಲಾದೀತೇ, ನೀವೇ ಹೇಳಿ. ಹೂಂ ಎನ್ನಲು ಬಾಯಿ ತೆರೆದವನಿಗೆ ನಮ್ಮ ಕನ್ನಡ ಮಾಸ್ತರು ನೆನಪಾದರು.

ನ್ಯಾಲ್ಕಲ್ ಕಡೆಯ ನಮ್ಮೂರ ಶಾಲೆಯಲ್ಲಿ ನಾಟಕದ ಸಾಮಾನೆಲ್ಲ ಎರವಲು. ಸಿಂಹಾಸನ ಕ್ಷೌರದಂಗಡಿಯ ಕುರ್ಚಿ. ಪರದೆ ಕುರುಬರ ಕಂಬಳಿ. ಅದರ ವಾಸನೆಗೆ ರಾಜ ಸೀನುತ್ತಲೇ ಇದ್ದ. ಮೀಸೆ ಚಿಗುರುತ್ತಿದ್ದ ನಾನು ರಾಣಿ. ನಡುವಿಗೆ ಅವ್ವನ ಬೆಳ್ಳಿ ಡಾಬು, ಅದು ಜಾರದಂತೆ ಒಳಗೊಂದು ಟವೆಲು. ರಾಣಿ ತುಂಬು ಗರ್ಭಿಣಿಯಂತೆ ಕಾಣುತ್ತಿದ್ದಳು. ಎರವಲು ತಂದದ್ದನ್ನು ಕೊಟ್ಟವರ ಹೆಸರು ಹೇಳದೆ ಬಳಸಬಾರದೆಂಬುದು ಮಾಸ್ತರ ಹಟ. ಮೈಕು ಇರಲಿಲ್ಲವಾದ್ದರಿಂದ ಮದುವೆಗಳಲ್ಲಿ ಆಯೇರದ ಉಡುಗೊರೆ ಕೊಟ್ಟವರ ಹೆಸರು ಕೂಗುವ ಶರಣಪ್ಪನನ್ನೇ ಕರೆಸಿದ್ದರು.

ಶರಣಪ್ಪ ರೂಢಿಯಂತೆ ಗಂಡಸರ ಹೆಸರನ್ನಷ್ಟೇ ಕೂಗಿದ. ಡಾಬು ಅಪ್ಪನ ಹೆಸರಿಗೆ ಹೋಯಿತು. ಮುಂದೆ ಕೂತಿದ್ದ ಅಪ್ಪ ರುಮಾಲು ಸರಿಮಾಡಿಕೊಂಡ. ಮಾಸ್ತರು ಕಂಬಳಿ ಸರಿಸಿಕೊಂಡು ಹೊರಬಂದರು. ಡಾಬು ಕೊಟ್ಟದ್ದು ಈ ಹುಡುಗನ ತಾಯಿ, ಆಕೆಯ ಹೆಸರು ಕೂಗುವ ತನಕ ಪರದೆ ಏಳುವುದಿಲ್ಲ ಎಂದುಬಿಟ್ಟರು. ಜನರೆಲ್ಲ ಅಪ್ಪನ ಮುಖ ನೋಡಿದರು. ಅಪ್ಪನ ಸಿಟ್ಟು ಬಲ್ಲ ನಾನು ನನ್ನ ರಾಣಿತನ ಮುಗಿಯಿತೆಂದುಕೊಂಡೆ. ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ಖರೆ ಅದ. ಡಾಬು ಆಕಿ ತವರುಮನೀದು. ಆಕಿ ಹೆಸರೇ ಕೂಗ್ರಿ" ಎಂದ.

ಕೂಗಲು ಶರಣಪ್ಪನಿಗೆ ಹೆಸರು ಗೊತ್ತಿರಬೇಕಲ್ಲ! ಊರಿಗೆಲ್ಲ ಅವ್ವ ಮಲ್ಲಪ್ಪನ ಹೆಂಡತಿ. ಆ ಮಲ್ಲಪ್ಪನೋ ಹೆಂಡತಿಯ ಹೆಸರನ್ನು ಒಮ್ಮೆಯೂ ನಾಲಿಗೆಗೆ ತಂದವನಲ್ಲ. ಕಡೆಗೆ ಹೆಂಗಸರ ನಡುವಿನಿಂದ, ಸೆರಗಿನ ಮರೆಯಲ್ಲಿ, ಅವ್ವನೇ ಹೇಳಿದಳು: "ಗುರಮ್ಮ ಅನ್ರಿ."

ಶರಣಪ್ಪ ಊರಾಚೆಯ ಹೊಲಕ್ಕೂ ಕೇಳುವಂತೆ ಕೂಗಿದ. ಆಮೇಲೆ ಕಂದೀಲು ಕೊಟ್ಟಾಕೆ, ಕನ್ನಡಿ ಕೊಟ್ಟಾಕೆ ಎಲ್ಲರೂ ಎದ್ದು ನಿಂತರು. ಮೊದಲಿಂದ ಮತ್ತೆ ಕೂಗಬೇಕಾಯಿತು. ನನ್ನ ರಾಣಿ ಪಾತ್ರ ಯಾರಿಗೂ ನೆನಪುಳಿಯಲಿಲ್ಲ, ಅವ್ವನಿಗೂ. ನಾಟಕದ ಮಾತು ಬಂದಾಗಲೆಲ್ಲ, "ಶರಣಪ್ಪ ಏನ್ ಕೂಗಿದಾ ಅಂತೀನಿ" ಎಂದು ನಗುತ್ತಿದ್ದಳು.

ಬೀಸುವ ಹಾಡು ನಾನು ಕಲಿತದ್ದು ಅವ್ವನ ಮಗ್ಗುಲಲ್ಲಿ ಕೂತು. "ನನ್ನ ಹೆಸರು ಬ್ಯಾಡ, ಗುರಮ್ಮ ಅಂತ ಹಾಕು" ಎಂದೆ. ಮೊಮ್ಮಗಳು ಹಾಕಿ ತೋರಿಸಿದಳು. ಹೆಸರು ಸದ್ದಿಲ್ಲದೆ ಮೇಲೇರಿ ಮಾಯವಾಯಿತು. ನನಗೆ ಸಮಾಧಾನವಾಗಲಿಲ್ಲ.

"ಹಂಗಲ್ಲವ್ವ," ಎಂದೆ. "ಕೂಗಬೇಕು."